ಫೋನು ಬದಲಿಸುವ ಮೊದಲು

ವರ್ಷಕ್ಕೊಂದು ಹೊಸ ಮೊಬೈಲು ಕೊಳ್ಳುವ ಹುರುಪು ನಮ್ಮ ಗಡಿಭಾಗದ ಹಳ್ಳಿಗಳಲ್ಲಿಯೂ ಕಾಣುತ್ತಿದೆ. ತರುಣರ ಯಂತ್ರಾಸಕ್ತಿಯನ್ನು ನಾವು ಹಳಿಯುವುದಿಲ್ಲ. ಆ ಹಣ ಮೊದಲು ಬಾವಿಯ ದಂಡೆಗೆ ಹೋಗಲಿ ಎನ್ನುತ್ತೇವೆ. ರಾತ್ರಿ ಪಾಳಿಯ ಕರೆಂಟು ಬಂದಾಗ ಮೋಟರು ಚಾಲೂ ಮಾಡಲು ಕತ್ತಲಲ್ಲಿ ಹೋಗಿ ಹಾವು ಕಡಿಸಿಕೊಂಡವರು ಎಷ್ಟು ಮಂದಿ! ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರನ್ನು ಕೂಡಿಸಿದರೆ, ಮನೆಯಿಂದ ಕರೆಮಾಡಿಯೇ ಮೋಟರು ತಿರುಗಿಸಬಹುದು, ನಿಲ್ಲಿಸಬಹುದು. ಇದಕ್ಕೆ ಗುಂಡಿಯ ಹಳೆಯ ಫೋನೇ ಸಾಕು. ಬೆಳೆಯ ರೋಗಕ್ಕೆ ಸಲಹೆ ಕೇಳಲು 2004ರಿಂದ ನಡೆದಿರುವ ಕಿಸಾನ್ ಕಾಲ್ ಸೆಂಟರಿಗೂ (1800-180-1551) ಅದೇ ಫೋನು ಸಾಕು, ಕರೆ ಪುಕ್ಕಟೆ. ಸ್ಟಾರ್ಟರು ಕೂಡಿಸುವಾಗ ಅರ್ಥಿಂಗ್ ಸರಿಯಿರಲಿ. ನೀರಿಲ್ಲದೆ ಮೋಟರು ಸುಡದಂತೆ ತಡೆ ಇರಲಿ. ತರುಣರೇ, ಹೊಸ ಫೋನಿನ ಕಂತು ಕಟ್ಟುವ ಮೊದಲು, ರಾತ್ರಿ ನೀರು ಹಾಯಿಸಲು ಹೋಗುವ ತಂದೆಯ ವಿಚಾರ ಮಾಡಿರಿ.