ಕರಣಿಕನ ಋಣ

ಲೆಕ್ಕ ಬರೆಯುವುದು ಶುಷ್ಕವಾದ ಕೆಲಸವೆಂದು ಹಲವರ ಭಾವನೆ. ಬಂದುದೆಷ್ಟು, ಹೋದುದೆಷ್ಟು, ಉಳಿದುದೆಷ್ಟು ಎಂದು ಗುರುತಿಸಿಡುವಲ್ಲಿ ಹೃದಯಕ್ಕೆ ಏನು ಕೆಲಸ ಎಂದು ಅವರು ಕೇಳುತ್ತಾರೆ. ಆದರೆ ಲೆಕ್ಕಕ್ಕೆ ಒಂದು ದೊಡ್ಡ ಶಕ್ತಿಯಿದೆ. ಪುಸ್ತಕದಲ್ಲಿ ಹೆಸರಿದ್ದವನಿಗೆ ಪಾಲುಂಟು, ಹೆಸರಿಲ್ಲದವನಿಗೆ ಪಾಲಿಲ್ಲ. ಕಡೆಗಣಿಸಲ್ಪಟ್ಟವರನ್ನು ಕನ್ನಡದ ಆಡುನುಡಿ 'ಲೆಕ್ಕಕ್ಕಿಲ್ಲದವರು' ಎಂದು ಕರೆಯುತ್ತದೆ. ಈ ಮಾತು ಸುಮ್ಮನೆ ಹುಟ್ಟಿದುದಲ್ಲ.

ಕನ್ನಡ ನಾಡಿನಲ್ಲಿ ಲೆಕ್ಕ ಬಲ್ಲವರಿಗೆ ಕರಣಿಕರು, ಶಾನುಭೋಗರು, ಕುಲಕರ್ಣಿಗಳು ಎಂಬ ಹೆಸರುಗಳಿದ್ದವು. ಈ ವಿದ್ಯೆ ಬಹುಕಾಲ ಕೆಲವೇ ಮನೆತನಗಳ ಸ್ವತ್ತಾಗಿತ್ತು. ತಂದೆಯ ಕಡತ ಮಗನ ಕೈಗೆ ಬರುತ್ತಿತ್ತು. ಮಗನ ಕೈಯಿಂದ ಮೊಮ್ಮಗನ ಕೈಗೆ ಹೋಗುತ್ತಿತ್ತು. ಓದುಬರಹ ಬಾರದ ರೈತನು ತನ್ನ ಹೊಲದ ಕಂದಾಯವೆಷ್ಟೆಂಬುದನ್ನು ಅವರ ಬಾಯಿಂದಲೇ ಕೇಳಿ ತಿಳಿಯಬೇಕಾಗಿತ್ತು. ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ ಕಾಯಿದೆ ೧೯೬೧ರಲ್ಲಿ ರೂಪುಗೊಂಡು ೧೯೬೩ರಲ್ಲಿ ಜಾರಿಗೆ ಬಂದಿತು. ಕಾಯಿದೆಯು ಹುದ್ದೆಯನ್ನು ಮನೆತನದಿಂದ ಬಿಡಿಸಬಲ್ಲುದು. ಆದರೆ ವಿದ್ಯೆಯನ್ನು ಇತರರಿಗೆ ಹಂಚುವುದು ಬಲ್ಲವನ ಮನಸ್ಸಿಗೆ ಬಿಟ್ಟ ವಿಷಯ. ಈ ದೃಷ್ಟಿಯಿಂದ ಸುಮಾರು ಎಂಟುನೂರು ವರ್ಷಗಳ ಹಿಂದೆ ಬಾಳಿದ ಕರಣಿಕನೊಬ್ಬನ ಜೀವನ ಇಂದಿಗೂ ಮನನಯೋಗ್ಯವಾಗಿದೆ. ಆತನೇ ಹಂಪೆಯ ಹರಿಹರ.

ಹರಿಹರನು ಹೊಯ್ಸಳರ ರಾಜಧಾನಿಯಾದ ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಅರಸನ ಕರಣಿಕನಾಗಿದ್ದನೆಂದು ಪರಂಪರೆ ಹೇಳುತ್ತದೆ. ಒಂದು ದಿನ ಲೆಕ್ಕ ಬರೆಯುತ್ತಿದ್ದವನು ಇದ್ದಕ್ಕಿದ್ದಂತೆ ಕಡತವನ್ನು ಕೈಯಿಂದ ಉಜ್ಜಿದನಂತೆ. ಅರಸನು ಕಾರಣ ಕೇಳಲು, ಹಂಪೆಯ ವಿರೂಪಾಕ್ಷನ ಗುಡಿಯ ತೆರೆಗೆ ಬೆಂಕಿ ಹತ್ತಿತ್ತು, ಅದನ್ನು ಆರಿಸಿದೆನೆಂದು ಉತ್ತರಿಸಿದನಂತೆ. ಇದು ಐತಿಹ್ಯ. ಕೈ ಅರಮನೆಯ ಲೆಕ್ಕದಲ್ಲಿದ್ದರೂ ಮನಸ್ಸು ಮತ್ತೊಂದು ಋಣದ ಕಡೆಗಿತ್ತೆಂಬುದನ್ನು ಅದು ಸೊಗಸಾಗಿ ಸೂಚಿಸುತ್ತದೆ. ಕೊನೆಗೆ ಹರಿಹರನು ಹುದ್ದೆಯನ್ನು ತೊರೆದು ಹಂಪೆಗೆ ಬಂದು ನೆಲೆಸಿದನು.

ಅಲ್ಲಿ ಅವನು ಮಾಡಿದ ಕೆಲಸವಾದರೂ ಏನು? ಅದುವರೆಗಿನ ಕನ್ನಡ ಮಹಾಕಾವ್ಯಗಳಲ್ಲಿ ಹೆಚ್ಚಾಗಿ ಅರಸರೂ ಪುರಾಣಪುರುಷರೂ ನಾಯಕರಾಗಿದ್ದರು. ಹರಿಹರನು ಸರಳವಾದ ರಗಳೆಯನ್ನು ಆರಿಸಿಕೊಂಡು ಶಿವಶರಣರ ಚರಿತೆಗಳನ್ನು ಬರೆದನು. ಅದೊಂದು ಹೊಸ ಲೆಕ್ಕದ ಪುಸ್ತಕವೆಂದರೆ ತಪ್ಪಾಗದು. ಮಡಕೆ ಮಾಡುವ ಗುಂಡಯ್ಯ, ಬೇಡರ ಕಣ್ಣಪ್ಪ, ಮಾದಾರ ಚೆನ್ನಯ್ಯ, ಅರಮನೆಯನ್ನು ಬಿಟ್ಟು ನಡೆದ ಮಹಾದೇವಿಯಕ್ಕ, ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣ ಇವರೆಲ್ಲರೂ ಅದರಲ್ಲಿದ್ದಾರೆ. ತಮಿಳುನಾಡಿನ ಭಕ್ತರಿಗೂ ಕನ್ನಡ ನಾಡಿನ ಶರಣರಿಗೂ ಅಲ್ಲಿ ಒಂದೇ ಪಂಕ್ತಿ. ಗುಂಡಯ್ಯನು ಮಡಕೆಯನ್ನು ಬಡಿದು ಕುಣಿದರೆ ಶಿವನೇ ಬಂದು ಅವನೊಡನೆ ಕುಣಿಯುತ್ತಾನೆ. ಲೆಕ್ಕಕ್ಕಿಲ್ಲದವರ ಹೆಸರನ್ನು ಕರಣಿಕನೊಬ್ಬನು ಹೀಗೆ ಕಾವ್ಯದ ಲೆಕ್ಕಕ್ಕೆ ಏರಿಸಿದನು.

ಹರಿಹರನು ತನ್ನ ವಿದ್ಯೆಯನ್ನು ತನ್ನಲ್ಲಿಯೇ ಉಳಿಸಿಕೊಳ್ಳಲಿಲ್ಲ. ಸೋದರಳಿಯನಾದ ರಾಘವಾಂಕನನ್ನು ಶಿಷ್ಯನನ್ನಾಗಿ ಮಾಡಿಕೊಂಡು ತಿದ್ದಿದನು. ಶಿಷ್ಯನು ಗುರುವಿನ ರಗಳೆಯನ್ನು ಹಿಡಿಯದೆ ಷಟ್ಪದಿಯನ್ನು ಹಿಡಿದನು. ಹರಿಶ್ಚಂದ್ರನ ಕಥೆಯನ್ನು ಕಾವ್ಯವಾಗಿಸಿದನು. ಮನುಷ್ಯನಾದ ಅರಸನನ್ನು ಹೊಗಳಿದನೆಂದು ಕೋಪಗೊಂಡ ಗುರು ಪಾದರಕ್ಷೆಯಿಂದ ಹೊಡೆಯಲು ಶಿಷ್ಯನ ಐದು ಹಲ್ಲುಗಳು ಉದುರಿದವೆಂದೂ, ಆಮೇಲೆ ಐದು ಶಿವಪರ ಕೃತಿಗಳನ್ನು ರಚಿಸಿದಾಗ ಅವು ಮರಳಿ ಬಂದವೆಂದೂ ಒಂದು ಕಥೆಯಿದೆ. ಕಥೆ ನಿಜವಿರಲಿ, ಇಲ್ಲದಿರಲಿ, ಅದರಲ್ಲಿ ಎಚ್ಚರಿಕೆಯೊಂದು ಅಡಗಿದೆ. ಹಲವು ಕುಲಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದವನಿಗೂ ತನ್ನ ಶಿಷ್ಯನು ತನಗಿಂತ ಭಿನ್ನವಾಗಿ ನಡೆದಾಗ ಸಹಿಸುವುದು ಕಷ್ಟವಾದೀತು. ಮಾರ್ಗದರ್ಶನ ಮಾಡುವವರೆಲ್ಲರೂ ಎದುರಿಸಬೇಕಾದ ಪರೀಕ್ಷೆ ಇದು.

ಗುರುವಿನ ಕೋಪಕ್ಕೆ ಗುರಿಯಾಯಿತೆನ್ನುವ ಆ ಕಾವ್ಯದಲ್ಲಿಯೇ ಶಿಷ್ಯನು ಗುರುವಿಗಿಂತ ಒಂದು ಹೆಜ್ಜೆ ಮುಂದೆ ಹೋದನು. ಹರಿಹರನ ರಗಳೆಗಳಲ್ಲಿ ಕುಲಹೀನರೆನಿಸಿದವರು ಭಕ್ತಿಯ ಬಲದಿಂದ ಮಾನ್ಯರಾಗುತ್ತಾರೆ. ರಾಘವಾಂಕನ ಕಾವ್ಯದಲ್ಲಿ ವಿಶ್ವಾಮಿತ್ರನು ಕಳುಹಿದ ಅನಾಮಿಕ ಕನ್ಯೆಯರು ಭಕ್ತಿಯ ಆಸರೆಯಿಲ್ಲದೆಯೇ ಅರಸನನ್ನು ಪ್ರಶ್ನಿಸುತ್ತಾರೆ. ತಮ್ಮ ರೂಪವನ್ನು ನೋಡಿದ ಕಣ್ಣಿಗೆ, ಹಾಡನ್ನು ಕೇಳಿದ ಕಿವಿಗೆ ತಗುಲದ ಮೈಲಿಗೆ ಮುಟ್ಟಿದರೆ ಮಾತ್ರ ಏಕೆ ತಗುಲಬೇಕೆಂಬುದು ಅವರ ವಾದದ ಸಾರ. ಹರಿಹರನು ತೆರೆದ ಬಾಗಿಲಿನಿಂದಲೇ ಈ ಪ್ರಶ್ನೆ ಕನ್ನಡಕ್ಕೆ ಬಂದಿತೆನ್ನಬಹುದು.

ಈ ಮಾತುಗಳು ಹಳೆಯ ಕಾವ್ಯಕ್ಕೆ ಮಾತ್ರ ಸಲ್ಲತಕ್ಕವಲ್ಲ. ೨೦೨೩ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ-೨೦ ರಾಷ್ಟ್ರಗಳ ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ೪೫೦ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ ೧,೭೫೫ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕನ್ನಡಿ, ಕವಡೆಗಳನ್ನು ಕೂಡಿಸಿ ಹೊಲಿಯುವ ಆ ಕಲೆಯನ್ನು ತಾಯಿ ಮಗಳಿಗೆ ಕಲಿಸುತ್ತ ಬಂದಿದ್ದಾಳೆ. ಆದರೆ ಹೊಲಿದವಳಿಗೇ ಬಟ್ಟೆಯ ಬೆಲೆ, ದಾರದ ಬೆಲೆ, ತನ್ನ ದುಡಿಮೆಯ ಬೆಲೆ ಕೂಡಿಸಿ ನೋಡಲು ಬಾರದಿದ್ದರೆ ಬೆಲೆ ಕಟ್ಟುವವರು ಬೇರೆಯವರಾಗುತ್ತಾರೆ. ಕಂಪ್ಲಿಯ ಗದ್ದೆಗಳಲ್ಲಿ ಭತ್ತ, ಕಬ್ಬು ಬೆಳೆಯುವ ರೈತನಿಗೂ ತೂಕದ ಚೀಟಿ ಓದಲು ಬರಬೇಕು. ಹೊಸಪೇಟೆಯ ಸಂತೆಯಲ್ಲಿ ಸಾಲ ತಂದು ತರಕಾರಿ ಮಾರುವವಳಿಗೂ ಬಡ್ಡಿಯ ಲೆಕ್ಕ ತಿಳಿದಿರಬೇಕು. ಇಂತಹ ಊರುಗಳಲ್ಲಿ ಕಲಿತು ಲೆಕ್ಕಪರಿಶೋಧಕರಾದವರು ವಾರಕ್ಕೊಂದು ಸಂಜೆ ಇದನ್ನು ಕಲಿಸಿದರೆ ಅದು ದಾನವಲ್ಲ, ಸಾಲದ ಮರುಪಾವತಿ.

ಲೆಕ್ಕಿಗನು ತನ್ನ ಕೆಲಸವನ್ನು ನೆಟ್ಟಗೆ ಮಾಡಿದರೆ ಸಾಲದೆ, ಯಾವ ಕುಲದವರು, ಹೆಣ್ಣೋ ಗಂಡೋ ಎಂದು ಅವನೇಕೆ ನೋಡಬೇಕು ಎಂದು ಕೆಲವರು ಕೇಳಬಹುದು. ಕೇಳುವುದು ಸಹಜವೇ. ಆದರೆ ಲೆಕ್ಕ ಬರೆದವನೇ ಅದನ್ನು ಪರಿಶೋಧಿಸಿದರೆ ಯಾರೂ ಒಪ್ಪುವುದಿಲ್ಲ. ಒಬ್ಬನ ಕಣ್ಣಿಗೆ ಬೀಳದ ತಪ್ಪು ಇನ್ನೊಬ್ಬನ ಕಣ್ಣಿಗೆ ಬೀಳುತ್ತದೆಂಬ ನಂಬಿಕೆಯೇ ಪರಿಶೋಧನೆಯ ತಳಹದಿ. ಒಂದೇ ಮನೆತನದ, ಒಂದೇ ಬೀದಿಯ ಜನರೇ ಕೂತ ಕಚೇರಿಯಲ್ಲಿ ಎಲ್ಲರ ಕಣ್ಣೂ ಒಂದೇ ಕಡೆ ಕುರುಡಾಗಿರಬಹುದು. ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತದಲ್ಲಿದ್ದ ಕಾಲದಲ್ಲಿ, ೧೯೩೩ರಲ್ಲಿ, ಮದರಾಸಿನ ಆರ್. ಶಿವಭೋಗಂ ಅವರು ಭಾರತದ ಮೊದಲ ಮಹಿಳಾ ಲೆಕ್ಕಪರಿಶೋಧಕರಾದರು. ಅದರಿಂದ ಗಣಿತವೇನೂ ಬದಲಾಗಲಿಲ್ಲ. ಅದುವರೆಗೆ ಮುಚ್ಚಿದ್ದ ಬಾಗಿಲೊಂದು ತೆರೆಯಿತು.

ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ ಎಂಬ ಮಾತು ಎಲ್ಲರಿಗೂ ಬಾಯಿಪಾಠವಾಗಿದೆ. ಅದನ್ನು ಯಾರಿಗೆ ಕೊಡಲಾಯಿತು, ಯಾರಿಗೆ ಕೊಡದೆ ಉಳಿಸಿಕೊಳ್ಳಲಾಯಿತು ಎಂಬ ಲೆಕ್ಕವನ್ನು ಮಾತ್ರ ಇಡುವವರು ವಿರಳ. ಬಡ್ಡಿಯ ಲೆಕ್ಕವನ್ನು ಕಲಿತ ವಿದ್ಯಾರ್ಥಿಯು ಆ ಸಂಜೆಯೇ ಅದನ್ನು ನೆರೆಮನೆಯ, ಶಾಲೆ ಬಿಟ್ಟ ಗೆಳೆಯನಿಗೆ ತೋರಿಸಿಕೊಟ್ಟರೆ ಕರಣಿಕನ ಋಣದಲ್ಲಿ ಒಂದು ಕಂತು ಸಂದಾಯವಾದಂತೆಯೇ. ಆ ಗೆಳೆಯನು ಅದನ್ನು ಬೇರೊಂದು ರೀತಿಯಲ್ಲಿ ಮಾಡಿ ತೋರಿಸಿದರೆ ಸಿಟ್ಟಾಗದೆ ತಾನೂ ಕುಳಿತು ಕಲಿಯುವುದು ಅದಕ್ಕಿಂತಲೂ ದೊಡ್ಡ ಸಂದಾಯ.