ಕೆಲಸ ಹೋದವರ ಭತ್ಯೆ ಭಿಕ್ಷೆಯಲ್ಲ



2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದರು. ಹನ್ನೆರಡು ಗಂಟೆಗೆ ಇಡೀ ದೇಶಕ್ಕೆ ಬೀಗ ಬಿತ್ತು. ತಿಂಗಳ ಸಂಬಳದವರು ಮನೆಯೊಳಗೆ ಕೂತರು. ದಿನಗೂಲಿಯವರು ಎಲ್ಲಿ ಕೂರಬೇಕಿತ್ತು? ರೋಗ ಬರುವ ಮೊದಲೇ ಅವರ ಮನೆಗೆ ಹಸಿವು ಬಂತು. ಮೂಟೆ ಹೊತ್ತು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ನಡೆದರು. ಹಾಗೆ ಊರ ಕಡೆ ಹೊರಟು ದಾರಿಯಲ್ಲಿ ಸತ್ತವರೆಷ್ಟು ಅಂತ ಕೇಳಿದರೆ, ಆ ಲೆಕ್ಕ ನಮ್ಮಲ್ಲಿಲ್ಲ ಅಂತ ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಲೋಕಸಭೆಯಲ್ಲೇ ಹೇಳಿತು.

ಈ ಲೆಕ್ಕದ ಮಾತನ್ನೇ ನಾವು ಇವತ್ತು ಎತ್ತಬೇಕಾಗಿದೆ.

ಆಗ ಕೆಲಸ ಕಳಕೊಂಡವರಿಗೆ ಭತ್ಯೆಯೇ ಇರಲಿಲ್ಲ ಅನ್ನುವ ಹಾಗಿಲ್ಲ. ಇತ್ತು. ಇಎಸ್‌ಐ ನಿಗಮ 2018ರ ಜುಲೈ 1ರಿಂದಲೇ ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆ ನಡೆಸುತ್ತಿತ್ತು. ಕೆಲಸ ಹೋದ ವಿಮಾದಾರರಿಗೆ ಸರಾಸರಿ ದಿನಗೂಲಿಯ ಕಾಲು ಭಾಗ, ಹೆಚ್ಚೆಂದರೆ 90 ದಿನ. 2020ರ ಆಗಸ್ಟಿನಲ್ಲಿ ಈ ಕಾಲನ್ನು ಅರ್ಧ ಮಾಡಿದರು. ಕೆಲಸ ಹೋಗಿ 90 ದಿನ ಕಾಯಬೇಕಿದ್ದುದು 30 ದಿನಕ್ಕೆ ಇಳಿಯಿತು. ಮಾಲೀಕನ ಮೂಲಕವೇ ಅರ್ಜಿ ಬರಬೇಕೆಂಬ ಕಟ್ಟು ಹೋಗಿ, ಕಾರ್ಮಿಕರೇ ನೇರ ಶಾಖಾ ಕಚೇರಿಗೆ ಕೊಡಬಹುದು ಅಂತಾಯಿತು. 2020ರ ಡಿಸೆಂಬರ್‌ವರೆಗೆ ಅಂದಿದ್ದನ್ನು 2021ರ ಜೂನ್‌ಗೆ, ಆಮೇಲೆ 2022ರ ಜೂನ್‌ಗೆ ವಿಸ್ತರಿಸಿದರು. ದಿನಕ್ಕೆ ಸರಾಸರಿ 300 ರೂಪಾಯಿ ದುಡಿಯುತ್ತಿದ್ದ ಹೆಣ್ಣುಮಗಳಿಗೆ ಇದು 90 ದಿನಕ್ಕೆ 13,500 ರೂಪಾಯಿ. ದೊಡ್ಡ ದುಡ್ಡಲ್ಲ. ಆದರೆ ಮನೆ ಬಾಡಿಗೆಗೆ, ಅಕ್ಕಿಗೆ ಆಗುತ್ತಿತ್ತು. ಬಡ್ಡಿಯವನ ಬಾಗಿಲಿಗೆ ಹೋಗುವುದು ತಪ್ಪುತ್ತಿತ್ತು.

ಇದು ಯಾರೂ ಕೊಟ್ಟ ದಾನವಲ್ಲ. 2019ರ ಜುಲೈಯಿಂದ ಕಾರ್ಮಿಕರ ಕೂಲಿಯಲ್ಲಿ ನೂರಕ್ಕೆ 75 ಪೈಸೆ ಹಿಡಿಯುತ್ತಾರೆ, ಮಾಲೀಕ 3 ರೂಪಾಯಿ 25 ಪೈಸೆ ಕಟ್ಟಬೇಕು. ಮಾಲೀಕ ಕಟ್ಟುವುದೂ ನಮ್ಮ ದುಡಿಮೆಯಿಂದ ಬಂದದ್ದೇ. ನಮ್ಮ ಗಂಟನ್ನು ನಾವು ಕೇಳಿದರೆ ಅದು ಭಿಕ್ಷೆ ಹೇಗಾದೀತು?

ಆದರೆ ಕೇಳುವ ದಾರಿಯಲ್ಲಿ ಎಷ್ಟು ಮುಳ್ಳು! ಎರಡು ವರ್ಷ ವಿಮೆಯಲ್ಲಿರಬೇಕು. ಕೆಲಸ ಹೋಗುವ ಹಿಂದಿನ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಆಧಾರ್ ಬೇಕು, ಬ್ಯಾಂಕ್ ಖಾತೆ ಬೇಕು. ಮೇಲೆ ಅಫಿಡವಿಟ್ಟು! ಬಸ್ಸಿಲ್ಲದ ಕಾಲದಲ್ಲಿ ಅಫಿಡವಿಟ್ಟು ಮಾಡಿಸೋಕೆ ಎಲ್ಲಿಗೆ ಹೋಗೋದು? ಜನರಿಗೆ ಕಷ್ಟವಾಗುತ್ತಿದೆ ಅಂತ ಸರ್ಕಾರವೇ ಒಪ್ಪಿಕೊಂಡು ನವೆಂಬರಿನಲ್ಲಿ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು.

ಎಲ್ಲಕ್ಕಿಂತ ದೊಡ್ಡ ಮುಳ್ಳು ಇನ್ನೊಂದು. ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡವರಿಗೆ ಈ ಭತ್ಯೆ ಇಲ್ಲ. ಆದ್ದರಿಂದಲೇ ಮಾಲೀಕರು ಕೊಡುವ ಕಾಗದವನ್ನು ಓದದೆ ಸಹಿ ಹಾಕಬಾರದು. "ಲೆಕ್ಕ ಚುಕ್ತಾ ಮಾಡ್ತೀವಿ, ಇಲ್ಲೊಂದು ಸೈನ್ ಹಾಕಮ್ಮ" ಅಂತಾರೆ. ಅದರಲ್ಲಿ 'ನಾನಾಗಿಯೇ ಕೆಲಸ ಬಿಟ್ಟಿದ್ದೇನೆ' ಅಂತ ಬರೆದಿದ್ದರೆ, ಹೊರಗೆ ಹಾಕಿದವನು ಬಚಾವ್, ಹೊರಗೆ ಬಿದ್ದವಳು ಬಾಯಿ ಕಳಕೊಂಡಳು.

ಇದೆಲ್ಲಾ ಇಎಸ್‌ಐ ಚೀಟಿ ಇದ್ದವರ ಮಾತಾಯಿತು. ನಮ್ಮ ಕೇರಿಗಳಲ್ಲಿ ಆ ಚೀಟಿ ಎಷ್ಟು ಜನರ ಹತ್ತಿರ ಇದೆ? ಹೊಲದ ಕೂಲಿ, ಮನೆಗೆಲಸ, ಗಾರೆ ಕೆಲಸ, ಚಿಂದಿ ಆಯುವುದು, ಚಪ್ಪಲಿ ಹೊಲಿಯುವುದು, ಇವಕ್ಕೆ ಹಾಜರಿ ಪುಸ್ತಕ ಯಾವನು ಇಟ್ಟಿದ್ದಾನೆ? ಹಿಂದೆ ಬಿಟ್ಟಿ ಚಾಕರಿ ಮಾಡಿಸಿಕೊಂಡ ಗೌಡ ಕೆಲಸದ ಲೆಕ್ಕ ಇಡುತ್ತಿದ್ದ, ಆಳಿನ ಲೆಕ್ಕ ಇಡುತ್ತಿರಲಿಲ್ಲ. ಇವತ್ತಿನ ಗುತ್ತಿಗೆದಾರನೂ ಅದನ್ನೇ ಕಲಿತಿದ್ದಾನೆ. ಊರಿನಿಂದ ಹೊರಗಿಟ್ಟವರನ್ನು ರಿಜಿಸ್ಟರಿನಿಂದಲೂ ಹೊರಗಿಟ್ಟಿದ್ದಾರೆ.

ಹಳ್ಳಿಗೆ ಬಂದವರಿಗೆ 2005ರ ಉದ್ಯೋಗ ಖಾತರಿ ಕಾಯ್ದೆ ಇತ್ತು. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಅದರಲ್ಲೇ ಬರೆದಿತ್ತು. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದೆ. ಆದರೆ ದಿನಾಂಕ ಹಾಕಿದ ರಸೀದಿ ಇಲ್ಲದಿದ್ದರೆ 15 ದಿನ ಎಲ್ಲಿಂದ ಎಣಿಸುವುದು? "ರಸೀದಿ ಯಾಕಯ್ಯ, ಕೆಲಸ ಬಂದಾಗ ಕರೀತೀವಿ ಹೋಗು" ಅಂದರೆ ಕಾನೂನು ಅಲ್ಲೇ ಸತ್ತ ಹಾಗೆ. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅಸಂಘಟಿತರಿಗೆ 2,000 ರೂಪಾಯಿ ಸಾರಿದಾಗಲೂ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕು ಅಂದರು. ಅದೇ ಆಗಸ್ಟಿನಲ್ಲಿ ಇ-ಶ್ರಮ್ ಕಾರ್ಡು ಬಂತು. ಕಾರ್ಡಿನ ಜೊತೆ ನಿರುದ್ಯೋಗ ಭತ್ಯೆ ಬರಲಿಲ್ಲ.

ಇದು ನಮ್ಮೊಬ್ಬರ ಪಾಡು ಅಂತ ತಿಳಿಯಬೇಡಿ. ಅಮೆರಿಕದ ಕಪ್ಪು ಜನರನ್ನು ನೋಡಿ. ಅಲ್ಲಿ 1935ರಲ್ಲಿ ನಿರುದ್ಯೋಗ ವಿಮೆಯ ಕಾನೂನು ಬಂತು. ಹೊಲದ ಕೂಲಿ ಮತ್ತು ಮನೆಗೆಲಸದವರನ್ನು ಹೊರಗಿಟ್ಟರು. ಆಗ ದುಡಿಯುವ ಕಪ್ಪು ಜನರಲ್ಲಿ ಹೆಚ್ಚಿನವರು ಇದ್ದದ್ದೇ ಆ ಎರಡು ಕೆಲಸಗಳಲ್ಲಿ. ಕಾನೂನಿನಲ್ಲಿ ಬಣ್ಣದ ಹೆಸರಿರಲಿಲ್ಲ, ಕಸುಬಿನ ಹೆಸರಿತ್ತು. ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಅದೇ ಅಮೆರಿಕ 2020ರ ಮಾರ್ಚ್ 27ರಂದು ಹೊಸ ಕಾನೂನು ಮಾಡಿ, ಮಾಮೂಲಿ ಭತ್ಯೆಯ ವಾರಗಳನ್ನು ಹೆಚ್ಚಿಸಿತು, ಜುಲೈ ಕೊನೆಯವರೆಗೆ ವಾರಕ್ಕೆ 600 ಡಾಲರ್ ಮೇಲೆ ಸೇರಿಸಿತು, ವಿಮೆಯೇ ಇಲ್ಲದ ಸ್ವಂತ ದುಡಿಮೆಯವರನ್ನೂ ಒಳಗೆ ತಂದಿತು. 2021ರ ಸೆಪ್ಟೆಂಬರ್ 6ಕ್ಕೆ ಬಾಗಿಲು ಹಾಕಿತು. ಕಾಗದಪತ್ರವಿಲ್ಲದ ವಲಸೆಗಾರರು ಆಗಲೂ ಹೊರಗೇ ಉಳಿದರು. ಆದರೂ ಒಂದು ಮಾತು ರುಜುವಾತಾಯಿತು. ಹೊರಗಿನವರನ್ನು ಒಳಗೆ ಸೇರಿಸೋಕಾಗಲ್ಲ ಅನ್ನುವುದು ಸುಳ್ಳು. ಮನಸ್ಸು ಮಾಡಿದರೆ ಕೆಲವೇ ವಾರದಲ್ಲಿ ಆಗುತ್ತದೆ.

ನಮ್ಮ ಸಂವಿಧಾನದ 41ನೇ ವಿಧಿ ನಿರುದ್ಯೋಗದಲ್ಲಿ ಸರ್ಕಾರದ ನೆರವು ಪಡೆಯುವ ಹಕ್ಕಿನ ಮಾತನ್ನು ಹೇಳುತ್ತದೆ. 'ಆರ್ಥಿಕ ಶಕ್ತಿಯ ಮಿತಿಯೊಳಗೆ' ಅಂತಲೂ ಹೇಳುತ್ತದೆ. ಸರ್ಕಾರಗಳು ಎರಡನೆಯದನ್ನು ಮಾತ್ರ ಬಾಯಿಪಾಠ ಮಾಡಿವೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗಲೇ ಅದಾರ್ಕರ್ ಅವರ ಕಾರ್ಮಿಕ ವಿಮೆಯ ವರದಿ ಬಂತು. 1948ರ ಇಎಸ್‌ಐ ಕಾಯ್ದೆಯ ಬೇರು ಅಲ್ಲಿದೆ. ಅವರು ನೆಟ್ಟ ಮರದ ನೆರಳು ಅವರ ಜನರ ಮೇಲೇ ಬೀಳದಿದ್ದರೆ ಹೇಗೆ?

ನಮ್ಮ ತಪ್ಪೂ ಇದೆ, ಒಪ್ಪಿಕೊಳ್ಳೋಣ. ಧಿಕ್ಕಾರ ಕೂಗಲು ಕಲಿತೆವು. ಒಬ್ಬಳ ಪಕ್ಕದಲ್ಲಿ ಕೂತು ಅರ್ಜಿ ತುಂಬಿಸಲು ಕಲಿಯಲಿಲ್ಲ.

ಇನ್ನು ಮೇಲೆ ಪ್ರತಿ ಕೇರಿಯಲ್ಲೂ ನಾಲ್ಕು ಅಕ್ಷರ ಬಲ್ಲ ಹುಡುಗ ಹುಡುಗಿಯರು ಒಂದು ಪುಸ್ತಕ ಇಡಲಿ. ಯಾರು, ಯಾರ ಹತ್ತಿರ, ಎಷ್ಟು ದಿನ, ಎಷ್ಟು ಕೂಲಿಗೆ ದುಡಿದರು ಅಂತ ಬರೆಯಲಿ. ಇಎಸ್‌ಐ ಹಿಡಿದರೆ ನಂಬರು ಕೇಳಿ ಬರೆದಿಟ್ಟುಕೊಳ್ಳಿ. ರಸೀದಿ ಇಲ್ಲದೆ ಅರ್ಜಿ ಕೊಡಬೇಡಿ. ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಹೊಲದ ಕೂಲಿಗೂ ಮನೆಗೆಲಸಕ್ಕೂ ನಿರುದ್ಯೋಗ ಭತ್ಯೆ ಬೇಕು ಅಂತ ಆ ಪುಸ್ತಕ ಹಿಡಿದೇ ತಾಲ್ಲೂಕು ಕಚೇರಿ ಮುಂದೆ ಕೂರೋಣ.

ಮತ್ತೊಂದು ರೋಗ ಬರಬಹುದು, ಮತ್ತೊಂದು ಬೀಗ ಬೀಳಬಹುದು. ಆವತ್ತು 'ಲೆಕ್ಕ ಇಲ್ಲ' ಅಂತ ಯಾವ ಸರ್ಕಾರವೂ ಹೇಳಬಾರದು. ಲೆಕ್ಕ ನಮ್ಮ ಕೈಯಲ್ಲಿರಬೇಕು.

ಜೈ ಭೀಮ್.