ಬೀದಿಯ ಕಲ್ಲೂ ಪಠ್ಯವೇ: ಬೋಧನಾಭ್ಯಾಸಕ್ಕೊಂದು ಸಲಹೆ

ಎಂಟನೇ ತರಗತಿಯಲ್ಲಿ ಇತಿಹಾಸದ ಆಧಾರಗಳನ್ನು ಕುರಿತ ಪಾಠ ಬಂತೆಂದರೆ ನಮ್ಮ ಪ್ರಶಿಕ್ಷಣಾರ್ಥಿಗಳು ಹಲ್ಮಿಡಿ ಶಾಸನದ ಚಿತ್ರವನ್ನು ಬಣ್ಣದಲ್ಲಿ ಮುದ್ರಿಸಿ ತರುತ್ತಾರೆ. ಚಾರ್ಟು ಅಚ್ಚುಕಟ್ಟಾಗಿರುತ್ತದೆ, ಮಕ್ಕಳು ‘ಕ್ರಿ.ಶ. 450’ ಎಂದು ಒಕ್ಕೊರಲಿನಿಂದ ಹೇಳುತ್ತಾರೆ, ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ’ ಎಂದು ಬರೆಯುತ್ತೇವೆ. ಅದೇ ಮಕ್ಕಳು ಶಾಲೆಗೆ ಬರುವ ದಾರಿಯಲ್ಲಿ ಕಾಣುವ ಅಡಿಗಲ್ಲು, ನಾಮಫಲಕ, ಗೋಪುರ ಯಾವುದೂ ಆಧಾರಗಳ ಪಟ್ಟಿಗೆ ಸೇರುವುದಿಲ್ಲ. ಇದು ಬದಲಾಗಬೇಕೆಂಬುದು ನನ್ನ ವಾದ.

ನಮ್ಮ ಕುವೆಂಪುನಗರದಿಂದಲೇ ಶುರುಮಾಡಬಹುದು. ಇಲ್ಲಿ ಉದಯರವಿ ರಸ್ತೆಯಿದೆ, ಅನಿಕೇತನ ರಸ್ತೆಯಿದೆ, ಪಂಚಮಂತ್ರ ರಸ್ತೆ, ವಿಶ್ವಮಾನವ ಜೋಡಿರಸ್ತೆ ಇವೆ. ಕವಿಯ ಮನೆ ‘ಉದಯರವಿ’ ಇರುವುದು ಮಾತ್ರ ಒಂಟಿಕೊಪ್ಪಲಿನ ಕಡೆ. (ಅನಿಕೇತನ ಎಂದರೆ ಮನೆಯಿಲ್ಲದವನು, ಆ ರಸ್ತೆಯಲ್ಲಿ ಸೈಟಿನ ಬೆಲೆ ಕೇಳಿದವರಿಗೆ ಹೆಸರಿನ ತಮಾಷೆ ಅರ್ಥವಾದೀತು.) ಸ್ಮಾರಕ ಒಂದು ಕಡೆ, ಸ್ಮರಿಸಬೇಕಾದ ಜಾಗ ಇನ್ನೊಂದು ಕಡೆ ಇರಬಹುದು ಎಂಬುದನ್ನು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಇನ್ನು ದೊಡ್ಡ ಗಡಿಯಾರ. ಮುಳ್ಳುಗಳ ಹಿಂದೆ ಕನ್ನಡ ಅಂಕಿಗಳಿರುವುದನ್ನು ಮಕ್ಕಳು ಖುಷಿಯಿಂದ ಹೇಳುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ್ದು ಎಂದು ನಮ್ಮವರೂ ಹೇಳಿಕೊಡುತ್ತಾರೆ. ಅಲ್ಲಿಗೇ ನಿಲ್ಲಿಸಬಾರದು. 1927ರಲ್ಲಿ 25 ಕಳೆಯಿರಿ, 1902. ಆದರೆ ನಾಲ್ವಡಿಯವರು ಪಟ್ಟಕ್ಕೆ ಬಂದದ್ದು 1895ರಲ್ಲಿ, ಹತ್ತು ವರ್ಷದ ಬಾಲಕನಾಗಿ. ಹಾಗಾದರೆ ನಡುವಿನ ವರ್ಷಗಳು ಎಲ್ಲಿ ಹೋದವು? 1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡ ಮೇಲೆ, ಮಗ ಪ್ರಾಯಕ್ಕೆ ಬರುವವರೆಗೆ ಏಳು ವರ್ಷಕ್ಕೂ ಮಿಕ್ಕಿ ರಾಜ್ಯವನ್ನು ನಡೆಸಿದವರು ತಾಯಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರ ಜೂನ್‌ನಲ್ಲಿ, ಮಗನ ಕೈಗೆ ಅಧಿಕಾರ ಬಂದದ್ದು ಆಗಸ್ಟ್‌ನಲ್ಲಿ. ಬೆಳ್ಳಿಹಬ್ಬದ ಲೆಕ್ಕ ಹಿಡಿದಿರುವುದು ಮಗನ ಕಾಲವನ್ನು. ತಾಯಿಯ ಹೆಸರು ಮಕ್ಕಳ ಬಾಯಲ್ಲಿ ‘ವಿ.ವಿ. ಮೊಹಲ್ಲಾ’ ಎಂಬ ಎರಡಕ್ಷರವಾಗಿ ಉಳಿದಿದೆ. ಒಂದು ಕಳೆಯುವ ಲೆಕ್ಕದಿಂದ ಇಷ್ಟು ಹೊರಬರುವುದಾದರೆ, ಸ್ಮಾರಕವೊಂದು ಏನನ್ನು ಹೇಳುತ್ತದೆ, ಏನನ್ನು ಬಿಡುತ್ತದೆ ಎಂಬ ಪಾಠಕ್ಕೆ ಬೇರೆ ಬೋಧನೋಪಕರಣ ಬೇಕಾಗಿಲ್ಲ.

ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಹಾಕಿದವರೂ ಇದೇ ನಾಲ್ವಡಿಯವರು, 1933ರ ಅಕ್ಟೋಬರ್ 28ರಂದು. ಅದೇ ಜಾಗದಲ್ಲಿ ಮುಮ್ಮಡಿಯವರ ಕಾಲದ ಸಣ್ಣ ಚರ್ಚೊಂದಿತ್ತು. ಹಿಂದೂ ಅರಸ, ಫ್ರೆಂಚ್ ವಾಸ್ತುಶಿಲ್ಪಿ, ಜರ್ಮನಿಯ ಕಲೋನ್ ಕೆಥೆಡ್ರಲ್ಲಿನ ಮಾದರಿ. ‘ಧಾರ್ಮಿಕ ಸಾಮರಸ್ಯ’ ಎಂಬ ಸಿದ್ಧ ವಾಕ್ಯವನ್ನು ಮಕ್ಕಳಿಗೆ ಬರೆಸುವುದು ಸುಲಭ. ಅರಸನೊಬ್ಬ ಬೇರೆ ಮತದ ಗುಡಿಗೆ ಕಲ್ಲಿಡುವುದು ಆ ಕಾಲದಲ್ಲಿ ಏಕೆ ಸಾಧ್ಯವಾಯಿತು ಎಂದು ಕೇಳುವುದು ಕಷ್ಟ. ನನಗೆ ಬೇಕಿರುವುದು ಈ ಎರಡನೆಯದು.

ಹಳೆಯ ದಾನಶಾಸನಗಳಲ್ಲಿ ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆ, ಕೆಡಿಸಿದವರಿಗೆ ಶಾಪ ಇರುತ್ತಿದ್ದವು. ಎಷ್ಟೋ ಕಡೆ ಕಲ್ಲು ಕಡೆದ ರೂವಾರಿಯ ಹೆಸರೂ ಇರುತ್ತಿತ್ತು. ಇಂದಿನ ಉದ್ಘಾಟನಾ ಫಲಕದಲ್ಲಿ ‘ಘನ ಉಪಸ್ಥಿತಿ’ಯಿಂದ ಹಿಡಿದು ಶಿಷ್ಟಾಚಾರದ ಪ್ರಕಾರ ಇಪ್ಪತ್ತು ಹೆಸರಿರುತ್ತವೆ, ಗಾರೆ ಕೆಲಸದವರದು ಒಂದೂ ಇರುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸಿದರೆ ಹಲ್ಮಿಡಿಯ ಚಾರ್ಟಿಗೂ ಜೀವ ಬಂದೀತು.

ಸಹೋದ್ಯೋಗಿಗಳ ಆಕ್ಷೇಪ ನನಗೆ ಗೊತ್ತು: ನಲವತ್ತು ನಿಮಿಷದ ಅವಧಿ, ಮುಗಿಯಬೇಕಾದ ಪಠ್ಯ, ಮಕ್ಕಳನ್ನು ಹೊರಗೆ ಕರೆದೊಯ್ಯಲು ಮುಖ್ಯೋಪಾಧ್ಯಾಯರ ಅನುಮತಿ. ಹೊರಗೆ ಹೋಗಲೇಬೇಕೆಂದಿಲ್ಲ. ಮಕ್ಕಳೇ ತಮ್ಮ ಬೀದಿಯ ಒಂದು ಫಲಕವನ್ನು ನೋಡಿ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬರಲಿ. ಶಾಲೆಯ ಗೋಡೆಯಲ್ಲೇ ಒಂದಿದ್ದೀತು. ತರಗತಿಯಲ್ಲಿ ಕೇಳಬೇಕಾದದ್ದು ಇಷ್ಟೇ: ಇದನ್ನು ಹಾಕಿಸಿದವರು ಯಾರು, ಯಾವಾಗ, ಯಾರ ಹೆಸರು ಇರಬೇಕಿತ್ತು?

ಮೇಲಿನ ತರಗತಿಗಳಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಫಲಕ ಬರೆಸಬಹುದು. ವೈಸರಾಯ್ ಲ್ಯಾನ್ಸ್‌ಡೌನನ ಹೆಸರಿನ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ಅದರ ಮುಂದೆ ನಿಲ್ಲಿಸಲು ನಲವತ್ತು ಪದಗಳ ಕಲ್ಲೊಂದನ್ನು ಬರೆಯಿರಿ ಎಂದರೆ, ಮೊದಲ ಸಾಲು ವೈಸರಾಯನದೋ, ಅಂಗಡಿಯವರದೋ, ಸತ್ತವರದೋ ಎಂದು ಮಕ್ಕಳು ವಾದಕ್ಕಿಳಿಯುತ್ತಾರೆ.

ಆ ವಾದವನ್ನು ಮೌಲ್ಯಮಾಪನದ ಯಾವ ಕಲಮಿಗೆ ಹಾಕಬೇಕೆಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಈ ಅವಧಿಯ ಬೋಧನಾಭ್ಯಾಸ ಶುರುವಾಗುವ ಮುನ್ನ ಇತಿಹಾಸ ವಿಭಾಗದವರು ಕುಳಿತು, ಇಂಥ ಒಂದು ಪಾಠವನ್ನು ಪೂರ್ಣ ಪಾಠ ಯೋಜನೆಯೆಂದೇ ಲೆಕ್ಕಕ್ಕೆ ಹಿಡಿಯುವ ತೀರ್ಮಾನ ಮಾಡಬೇಕು.